ಲಾಸ್ಟ್ ಪೋಸ್ಟ್ ಊದ್ಲಿಕ್ಕೆ ಕಲಿತದ್ದು

ಎರಡು ವರ್ಷದ ಹಿಂದೆ ನವೆಂಬರಲ್ಲಿ ನನ್ನ ಚಿಕ್ಕಪ್ಪ ತೀರಿಕೊಂಡ್ರು. 22 ವರ್ಷ ಮಿಲಿಟ್ರಿಯಲ್ಲಿದ್ದು ರಿಟೈರ್ ಆಗಿ ಬಂದವ್ರು, ಕಟಪಾಡಿ ಹತ್ರ ಮಟ್ಟುವಿನಲ್ಲಿ ನಮ್ಮ ಮನೆ ಬದಿಯಲ್ಲೇ ಸಣ್ಣ ಮನೆ ಕಟ್ಟಿ, ಹತ್ತು ತೆಂಗಿನಮರ, ಸೀಸನಲ್ಲಿ ಒಂದಿಷ್ಟು ಗುಳ್ಳ ಬದನೆ ಬೆಳ್ಕೊಂಡು ಇದ್ರು. ಗಡಿಯಲ್ಲಿ ಹೋದವ್ರಲ್ಲ, ಆಸ್ಪತ್ರೆಯಲ್ಲಿ ಮೂರು ದಿನ ಮಲಗಿ ಹೋದವ್ರು, ಹಾಗಾಗಿ ಸರ್ಕಾರಿ ಗೌರವ, ಕುಶಾಲತೋಪು ಅಂತ ಎಂತ ಇರ್ಲಿಲ್ಲ. ಆದ್ರೆ ಅವ್ರ ಹಾಗೇ ರಿಟೈರ್ ಆದ ಸೈನಿಕರು ಹತ್ತು ಹದಿನೈದು ಜನ ಉಡುಪಿ, ಕಾಪು, ಶಿರ್ವ ಕಡೆಯಿಂದೆಲ್ಲ ಬಂದಿದ್ರು, ಎದೆ ಮೇಲೆ ಮೆಡಲ್ ಹಾಕ್ಕೊಂಡು, ಕೆಲವರಿಗೆ ನಡೀಲಿಕ್ಕೂ ಕಷ್ಟ, ಆದ್ರೂ ಅಂಗಳದಲ್ಲಿ ಎರಡು ಸಾಲು ಮಾಡಿ ನೆಟ್ಟಗೆ ನಿಂತ್ರು. ಹೂವಿನ ರೀತ್ ಇಟ್ರು. ಆಮೇಲೆ ಲಾಸ್ಟ್ ಪೋಸ್ಟ್, ಸತ್ತ ಸೈನಿಕನಿಗೆ ವಿದಾಯ ಹೇಳ್ಲಿಕ್ಕೆ ಬಿಗುಲ್ ಅನ್ನುವ ಸೈನ್ಯದ ತುತ್ತೂರಿಯಲ್ಲಿ ಊದುವಂಥದ್ದು.

ಊದುವವರು ಯಾರೂ ಇರ್ಲಿಲ್ಲ. ಒಬ್ರು ಮೊಬೈಲನ್ನು ಸ್ಪೀಕರಿಗೆ ಕನೆಕ್ಟ್ ಮಾಡಿ ನೆಟ್ಟಿಂದ ಹಾಕಿದ್ರು. ಎಲ್ಲರೂ ಸೆಲ್ಯೂಟ್ ಹೊಡೆದು ನಿಂತಿದ್ದಾರೆ, ಮೊದಲಿನ ಉದ್ದ ಸ್ವರಗಳು ಬಂದ್ವು, ಚಿಕ್ಕಮ್ಮ ಅಲ್ಲಿವರೆಗೆ ಅಳದೇ ಇದ್ದವ್ರು ಆಗ ಅಳ್ಲಿಕ್ಕೆ ಶುರು ಮಾಡಿದ್ರು, ಅರ್ಧಕ್ಕೆ ಬರುವಾಗ ಪಾಟ್ ಅಂತ ನಿಂತು ಯಾವುದೋ ಲೋನ್ ಆಪಿನ ಜಾಹೀರಾತು. ಒಂದು ಹುಡುಗಿ ಖುಷಿಯಲ್ಲಿ ಹಿಂದಿಯಲ್ಲಿ ಮಾತಾಡ್ತಾ ಇದ್ದಾಳೆ, ಐದು ನಿಮಿಷದಲ್ಲಿ ಹಣ ಅಂತ. ಆ ಮನುಷ್ಯರ ಕೈ ನಡುಗ್ತಾ ಇತ್ತು, ಬಂದ್ ಮಾಡ್ಲಿಕ್ಕೆ ಬಟನ್ ಸಿಗ್ತಾ ಇಲ್ಲ. ಅವ್ರದ್ದು ಎಂತ ತಪ್ಪೂ ಇಲ್ಲ, ಅಷ್ಟು ಪ್ರೀತಿಯಿಂದ ಮಾಡ್ಲಿಕ್ಕೆ ಹೊರಟವ್ರು ಅವ್ರು. ಸಾಲಿನಲ್ಲಿ ನಿಂತವ್ರು ಒಬ್ಬೊಬ್ಬರೇ ಗೊಂದಲದಲ್ಲಿ ಕೈ ಇಳಿಸಿದ್ರು. ಕೊನೆಯಲ್ಲಿ ನಿಂತ ಒಬ್ರು ಮಾತ್ರ ಇಳಿಸ್ಲಿಲ್ಲ. ಬಿಳಿ ಮೀಸೆ, ಸಪೂರ ಮೈ, ಕಣ್ಣು ನೇರ ಎದುರಿಗೆ. ಜಾಹೀರಾತು ಮುಗಿದು ಮತ್ತೆ ಸ್ವರ ಶುರುವಾಗಿ ಕೊನೆವರೆಗೆ ಹೋಗುವ ತನಕ ಅವ್ರ ಕೈ ಹಣೆಯಿಂದ ಅಲ್ಲಾಡ್ಲಿಲ್ಲ.

ಅವ್ರು ನಮ್ಮ ಊರಿನ ಹವಾಲ್ದಾರ್ ಮಾವ. ಸಂಬಂಧದಲ್ಲಿ ಮಾವ ಅಲ್ಲ, ಊರಲ್ಲಿ ಎಲ್ಲರೂ ಹಾಗೇ ಕರೀತೇವೆ. ಪಲ್ಟನ್ ಬ್ಯಾಂಡಲ್ಲಿ ಇದ್ರು ಅಂತ ಗೊತ್ತಿತ್ತು, ಬಿಗುಲರ್ ಆಗಿದ್ರು ಅಂತ ಗೊತ್ತಿರ್ಲಿಲ್ಲ.

ನಾನು ಕಾಲೇಜು ಸಮಯದಲ್ಲಿ ಏಳು ವರ್ಷ ಒಂದು ಬ್ಯಾಂಡ್ ಸೆಟ್ಟಲ್ಲಿ ಟ್ರಂಪೆಟ್ ಊದಿದವ. ಮದುವೆ, ಇಗರ್ಜಿ ಹಬ್ಬ, ಶೋಭಾಯಾತ್ರೆ, ಎಲ್ಲಾ ಕಡೆ ಹೋಗಿದ್ದೇನೆ. ಕೆಲಸ ಸಿಕ್ಕಿದ ಮೇಲೆ ಬಿಟ್ಟುಹೋಯ್ತು. ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಅವ್ರ ಮನೆಗೆ ಹೋಗಿ ಕೇಳಿದೆ, ಮಾವ, ಅವತ್ತು ನೀವೇ ಯಾಕೆ ಊದ್ಲಿಲ್ಲ ಅಂತ. ಅವ್ರು ಎಂತ ಹೇಳದೆ ಬಾಯಿ ತೆರೆದು ತೋರಿಸಿದ್ರು. ಎದುರಿನ ಮೇಲಿನ ನಾಲ್ಕು ಹಲ್ಲು ಇಲ್ಲ, ಸೆಟ್ ಹಾಕಿದ್ದು. ಮೌತ್‌ಪೀಸ್ ಕೂರುವುದೇ ತುಟಿಯ ಹಿಂದಿನ ಆ ಹಲ್ಲುಗಳ ಆಧಾರದಲ್ಲಿ. ಅದು ಹೋದ್ರೆ ಬಿಗುಲರ್ ಕಥೆ ಮುಗೀತು. ಹಾಗಾದ್ರೆ ನನಗೆ ಕಲಿಸಿ ಅಂದೆ. ನನ್ನನ್ನು ಸ್ವಲ್ಪ ಹೊತ್ತು ನೋಡಿದ್ರು, ನನ್ನ ಬಲಗೈಯನ್ನು ನೋಡಿದ್ರು. "ಟ್ರಂಪೆಟ್ ಊದಿದವ ನೀನು. ಇದ್ರಲ್ಲಿ ನಿನ್ನ ಬೆರಳಿಗೆ ಕೆಲಸ ಇಲ್ಲ ಮಗಾ, ಆಗ್ತದಾ?" ಅಂತ ಕೇಳಿದ್ರು.

ಆಗ ಅದು ಸುಲಭದ ಪ್ರಶ್ನೆ ಅನ್ಸಿತ್ತು.

ಗೊತ್ತಿಲ್ಲದವ್ರಿಗೆ ಹೇಳ್ತೇನೆ, ಟ್ರಂಪೆಟಲ್ಲಿ ಮೂರು ವಾಲ್ವ್ ಇರ್ತದೆ, ಬೆರಳಲ್ಲಿ ಒತ್ತಿದ್ರೆ ಗಾಳಿ ಹೋಗುವ ಕೊಳವೆ ಉದ್ದ ಆಗ್ತದೆ, ಸ್ವರ ಬದಲಾಗ್ತದೆ, ಹಾಗಾಗಿ ಯಾವ ಹಾಡು ಬೇಕಾದ್ರೂ ನುಡಿಸಬಹುದು. ಬಿಗುಲಲ್ಲಿ ಅದೆಲ್ಲ ಇಲ್ಲ. ಒಂದೇ ಕೊಳವೆ, ಎರಡು ಸುತ್ತು ಸುತ್ತಿದ್ದು, ಬಿಚ್ಚಿ ನೇರ ಮಾಡಿದ್ರೆ ನಾಲ್ಕೂವರೆ ಅಡಿ ಹತ್ರ ಬರಬಹುದು. ಅದ್ರಲ್ಲಿ ಕೆಲಸಕ್ಕೆ ಬರುವ ಸ್ವರ ಐದೇ ಐದು: ಕೆಳಗಿನ ಸ, ಅದ್ರ ಪ, ಮೇಲಿನ ಸ, ಗ, ಪ. ರಿ ಇಲ್ಲ, ಮ ಇಲ್ಲ, ದ ಇಲ್ಲ, ನಿ ಇಲ್ಲ. ಸೈನ್ಯದ ಬೆಳಗಿನಿಂದ ರಾತ್ರಿವರೆಗಿನ ಎಲ್ಲಾ ಕಾಲ್, ಅಂದ್ರೆ ಬಿಗುಲಿನ ಕರೆ, ಏಳುವುದು, ಸಾಲಲ್ಲಿ ಬಂದು ನಿಲ್ಲುವುದು, ಊಟ, ದೀಪ ಆರಿಸುವುದು, ಸತ್ತವನಿಗೆ ವಿದಾಯ, ಎಲ್ಲ ಆ ಐದು ಸ್ವರದಲ್ಲೇ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗ್ಲಿಕ್ಕೆ ಇರುವುದು ತುಟಿ ಮತ್ತು ಉಸಿರು ಮಾತ್ರ. ತುಟಿ ಬಿಗಿ ಮಾಡಿ ಗಾಳಿ ಜೋರು ಮಾಡಿದ್ರೆ ಮೇಲಿನ ಸ್ವರ, ಸಡಿಲ ಬಿಟ್ರೆ ಕೆಳಗಿನದ್ದು, ಕೂದಲೆಳೆಯಷ್ಟು ತಪ್ಪಿದ್ರೆ ಬೇಕಾದ ಸ್ವರದ ಬದಲು ಪಕ್ಕದ್ದು ಬರ್ತದೆ, ಇಲ್ಲದಿದ್ರೆ ಎರಡರ ನಡುವೆ ಒಡೆದು ಹೋಗ್ತದೆ. ಟ್ರಂಪೆಟಿಗಿಂತ ಇದ್ರ ಕೊಳವೆ ಬೇಗ ಅಗಲ ಆಗ್ತಾ ಹೋಗ್ತದೆ, ಅದಕ್ಕೆ ನಾದ ದುಂಡಗೆ, ಮೆತ್ತಗೆ, ದೂರಕ್ಕೆ ಕೇಳಿದ್ರೂ ಚುಚ್ಚುವುದಿಲ್ಲ. ಆದ್ರೆ ಸ್ವರವನ್ನು ಹಿಡಿದು ಕೂರಿಸುವುದು ಅಷ್ಟೇ ಕಷ್ಟ.

ಬಿಗುಲ್ ಮೀರತ್ತಿಂದ ತರಿಸಿದೆ. ಅಲ್ಲಿ ಜಾಲಿ ಕೋಠಿ ಅಂತ ಒಂದು ಪೇಟೆ ಉಂಟು, ದೇಶದ ಬ್ಯಾಂಡ್ ಸಾಮಾನು ಬಹಳಷ್ಟು ಅಲ್ಲಿಂದಲೇ ಬರುವುದು, ನಮ್ಮ ಬ್ಯಾಂಡ್ ಸೆಟ್ಟಿನ ಹಳೇ ಮಾಸ್ಟ್ರ ಪರಿಚಯದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಿಕ್ತು. ತಾಮ್ರದ ಮೈ, ಬಾಯಿಯ ಸುತ್ತ ಹಿತ್ತಾಳೆ ಪಟ್ಟಿ, ಒಂದು ಕಡೆ ಗುಳಿ ಬಿದ್ದಿತ್ತು. ಅಮ್ಮ ದೇವರ ದೀಪ ಉಜ್ಜುವ ಹಾಗೆ ಹುಣಸೆಹುಳಿ ಹಾಕಿ ಉಜ್ಜಿ ಫಳಫಳ ಮಾಡಿಟ್ರು. ಮಾವ ನೋಡಿ ಹೊರಗೆ ಸರಿ, ಒಳಗೆ ಮಾತ್ರ ಹುಳಿ ಹೋಗ್ಬಾರ್ದು, ಉಗುರು ಬಿಸಿ ನೀರು ಬಿಟ್ಟು ತೊಳೆದು ಬಾಯಿ ಕೆಳಗೆ ಮಾಡಿ ಇಡ್ಬೇಕು ಅಂದ್ರು. ಆಮೇಲೆ ಅದನ್ನು ಎತ್ತಿ ಕಂಕುಳಲ್ಲಿ ಹಿಡಿದ್ರು. ಊದ್ಲಿಲ್ಲ, ಸುಮ್ನೆ ಹಿಡಿದು ನಿಂತ್ರು. ಅಷ್ಟು ಹೊತ್ತಿಗೆ ಅವ್ರ ಬೆನ್ನು ತಾನಾಗಿಯೇ ನೆಟ್ಟಗಾಯ್ತು.

ಮೊದಲ ಪಾಠ ಜನವರಿ 30ಕ್ಕೆ ಆಯ್ತು. ರಜೆ ಹಾಕಿದ್ದೆ. ಅವ್ರ ಮನೆಯ ಬಾವಿಕಟ್ಟೆ ಹತ್ರ ನಿಂತು ಬರೀ ಮೌತ್‌ಪೀಸಲ್ಲಿ ತುಟಿ ಅದುರಿಸುವುದು, ಬಿಗುಲ್ ಮುಟ್ಲಿಕ್ಕಿಲ್ಲ. 11 ಗಂಟೆಗೆ ದೂರದಲ್ಲಿ ಸೈರನ್ ಕೇಳಿತು, ಗಾಂಧೀಜಿ ಹೋದ ದಿನ ಅಲ್ವಾ, ದೇಶ ಇಡೀ ಎರಡು ನಿಮಿಷ ಮೌನ ಮಾಡುವ ಲೆಕ್ಕ, ಮಾವ ಕೈ ಎತ್ತಿ ನಿಲ್ಲಿಸು ಅಂದ್ರು, ಇಬ್ರೂ ಸಾವಧಾನ್ ನಿಂತೆವು. ನಾನು ಕಾಗೆ ನೋಡಿದೆ, ಬಾವಿ ಹಗ್ಗ ನೋಡಿದೆ, ಆಫೀಸಿನದ್ದು ಒಂದು ಫೈಲ್ ನೆನಪಾಯ್ತು. ಆಮೇಲೆ ಮತ್ತೆ ತುಟಿ ಅದುರಿಸುವುದು ಮುಂದುವರಿಸಿದ್ವಿ.

ಅವ್ರು ಕಲಿಸುವ ಕ್ರಮವೇ ಬೇರೆ. ಊದಿ ತೋರಿಸ್ಲಿಕ್ಕೆ ಆಗುವುದಿಲ್ಲ ಅಲ್ವಾ, ಹಾಗಾಗಿ ಬಾಯಲ್ಲೇ ತಾ, ತಾಆಆ ಅಂತ ಹಾಡ್ತಾರೆ, ಎಡಗೈಯನ್ನು ನೆಲಕ್ಕೆ ಸಮಾನಾಂತರ ಹಿಡಿದು ಸ್ವರ ಮೇಲೆ ಹೋದಾಗ ಎದೆ ಎತ್ತರಕ್ಕೆ, ಇನ್ನೂ ಮೇಲೆ ಹೋದಾಗ ಹುಬ್ಬಿನ ಎತ್ತರಕ್ಕೆ ತರ್ತಾರೆ. ಸ್ವರ ಹಿಡಿಯುವಾಗ ಕೈ ಹಾಗೇ ನಿಲ್ತದೆ, ಒಂದು ಚೂರೂ ನಡುಗುವುದಿಲ್ಲ. ನನ್ನ ಸ್ವರ ನಡುಗಿದ್ರೆ ಅವ್ರು ನನ್ನನ್ನು ಬೈಯುವುದಿಲ್ಲ, ಆ ಕೈಯನ್ನು ಸ್ವಲ್ಪ ನಡುಗಿಸಿ ತೋರಿಸ್ತಾರೆ, ಅಷ್ಟೇ, ಅರ್ಥ ಆಗ್ತದೆ. ಎರಡು ತಿಂಗಳು ಬರೀ ಉದ್ದ ಸ್ವರ. ಒಂದು ಸ್ವರ ಹಿಡಿ, ಉಸಿರು ಮುಗಿಯುವ ತನಕ ಒಂದೇ ಹಾಗೆ ಹಿಡಿ, ಬಿಡುವಾಗ ಕಡಿದ ಹಾಗೆ ಬಿಡ್ಬೇಡ, ಬಾಗಿಲು ಮೆಲ್ಲ ಹಾಕುವ ಹಾಗೆ ಬಿಡು. ನನಗೆ ಬ್ಯಾಂಡಿನ ಅಭ್ಯಾಸ, ಜೋರು ಬೇಕಾದ್ರೆ ಮೌತ್‌ಪೀಸನ್ನು ತುಟಿಗೆ ಒತ್ತುವುದು. ಅದು ಬಿಡ್ಲಿಕ್ಕೆ ತುಂಬಾ ಸಮಯ ಹಿಡೀತು. ಒತ್ತಿದ್ರೆ ಮೇಲಿನ ಸ್ವರ ಬೇಗ ಸಿಗ್ತದೆ ಸರಿ, ಆದ್ರೆ ತುಟಿಗೆ ರಕ್ತ ಓಡುವುದು ನಿಂತು ಒಂದು ನಿಮಿಷದೊಳಗೆ ಸತ್ತ ಹಾಗಾಗ್ತದೆ, ಲಾಸ್ಟ್ ಪೋಸ್ಟಿನ ಅತಿ ಕಷ್ಟದ ಉದ್ದ ಸ್ವರ ಇರುವುದು ಕೊನೆಯಲ್ಲಿ, ತುಟಿ ಸುಸ್ತಾದ ಮೇಲೆ. ಮಾರ್ಚಲ್ಲಿ ಒಂದು ವಾರ ನನ್ನ ಮೇಲಿನ ತುಟಿ ಒಳಗೆ ಒಡೆದು ಸಾರು ತಾಗಿದ್ರೆ ಉರೀತಿತ್ತು.

ಮನೆಯಲ್ಲಿ ಊದ್ಲಿಕ್ಕಾಗುವುದಿಲ್ಲ, ಪಕ್ಕದ ಮನೆಯ ಮಗು ಎದ್ದು ಅಳ್ತದೆ. ಬೆಳಿಗ್ಗೆ ಐದೂವರೆಗೆ ಬೀಚಿಗೆ ಹೋಗ್ತಿದ್ದೆ. ಸಮುದ್ರದ ಎದುರು ನಿಂತು ಊದಿದವ್ರಿಗೆ ಗೊತ್ತಿರ್ತದೆ, ನಾವು ಊದಿದ್ದು ನಮಗೇ ಕೇಳುವುದಿಲ್ಲ, ಗಾಳಿ ಎಳ್ಕೊಂಡು ಹೋಗ್ತದೆ, ಹಾಗಾಗಿ ಕಿವಿಯನ್ನು ನಂಬದೆ ತುಟಿಯನ್ನು ನಂಬ್ಲಿಕ್ಕೆ ಕಲಿತೆ. ಬಲೆ ಎಳೆಯುವವ್ರು ಮೊದಮೊದಲು ನಿಂತು ನೋಡ್ತಿದ್ರು, ಆಮೇಲೆ ಅವ್ರ ಪಾಡಿಗೆ ಅವ್ರು. ಒಬ್ರು ಹಿರಿಯರು ಮಾತ್ರ ಒಂದು ದಿನ ಹತ್ರ ಬಂದು, ಇದು ಸತ್ತವ್ರಿಗೆ ಊದುವುದಲ್ವಾ, ಸಮುದ್ರಕ್ಕೆ ಹೋಗಿ ಬಾರದವ್ರಿಗೂ ಆಗ್ತದಾ ಅಂತ ಕೇಳಿದ್ರು. ಆಗ್ತದೆ ಅಜ್ಜೇರೆ ಅಂದೆ. ಅವ್ರು ತಲೆಗೆ ಸುತ್ತಿದ ಬೈರಾಸು ತೆಗೆದು ನಿಂತ್ರು, ಅವತ್ತು ನಾನು ನನಗೆ ಬಂದಷ್ಟು ಪೂರ್ತಿ ಊದಿದೆ.

ಏಪ್ರಿಲಲ್ಲಿ ಮಾವ ಮೊದಲ ಸಲ ಲಾಸ್ಟ್ ಪೋಸ್ಟ್ ಅಂದ್ರೆ ಎಂತ ಅಂತ ಹೇಳಿದ್ರು. ಅಲ್ಲಿವರೆಗೆ ನಾನು ಪೋಸ್ಟ್ ಅಂದ್ರೆ ಎಂತ ಅಂತ ಯೋಚನೆಯೇ ಮಾಡಿರ್ಲಿಲ್ಲ. ಪೋಸ್ಟ್ ಅಂದ್ರೆ ಕಾವಲು ಠಾಣೆ. ಹಳೇ ಬ್ರಿಟಿಷ್ ಸೈನ್ಯದ ಕ್ಯಾಂಪಲ್ಲಿ ರಾತ್ರಿ ಡ್ಯೂಟಿ ಆಫೀಸರ್ ಎಲ್ಲಾ ಕಾವಲುಗಾರರನ್ನು ನೋಡ್ಕೊಂಡು ಹೋಗ್ಬೇಕು, ಶುರು ಮಾಡುವಾಗ ಫಸ್ಟ್ ಪೋಸ್ಟ್ ಊದ್ತಾರೆ, ಕೊನೆಯ ಕಾವಲಿಗೆ ಬಂದು ಮುಗಿಸಿದಾಗ ಲಾಸ್ಟ್ ಪೋಸ್ಟ್. ಎಲ್ಲರೂ ಅವರವರ ಜಾಗದಲ್ಲಿ ಇದ್ದಾರೆ, ಕ್ಯಾಂಪ್ ಭದ್ರ ಉಂಟು, ಇವತ್ತಿನ ಕೆಲಸ ಮುಗೀತು, ಮಲಗಿ. ಅಷ್ಟೇ ಅದ್ರ ಅರ್ಥ. 1850ರ ದಶಕದ ಹೊತ್ತಿಗೆ ಅದನ್ನೇ ಸೈನಿಕರ ಸಮಾಧಿ ಹತ್ರ ಊದ್ಲಿಕ್ಕೆ ಶುರು ಮಾಡಿದ್ರು. ನಿನ್ನ ಡ್ಯೂಟಿ ಮುಗೀತು ಮಾರಾಯ, ಇನ್ನು ನಾವು ನೋಡ್ಕೊಳ್ತೇವೆ ಅಂತ. ಚಿಕ್ಕಪ್ಪನಿಗೆ ಆ ಮಾತನ್ನು ಅರ್ಧ ಹೇಳಿ ನಡುವೆ ಸಾಲ ಬೇಕಾ ಅಂತ ಕೇಳಿದ ಹಾಗಾಯ್ತಲ್ಲ ಅಂತ ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಲಾಸ್ಟ್ ಪೋಸ್ಟ್ ಊದಿ ಮುಗಿದ ಮೇಲೆ ಎರಡು ನಿಮಿಷ ಮೌನ, ಆ ಮೌನ ಆದ ಮೇಲೆ ಊದುವ ಚುರುಕಿನದ್ದು ರೌಸ್. ಅದು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವ ಕಾಲ್. ತುಂಬಾ ಜನ ಅದನ್ನು ರೆವೆಲಿ ಅಂತ ಹೇಳ್ತಾರೆ, ರೆವೆಲಿ ಬೇರೆ, ಅದಕ್ಕಿಂತ ಉದ್ದ. ರಾತ್ರಿ ಆಯ್ತು, ಮೌನ, ಮತ್ತೆ ಬೆಳಗಾಯ್ತು. ಎರಡು ನಿಮಿಷದ ಆ ಮೌನ ಅಂದ್ರೆ ಒಂದು ಇಡೀ ರಾತ್ರಿ.

ಆ ದಿನಗಳಲ್ಲಿ ಇದ್ರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ನನ್ನ ಮನಸ್ಸಲ್ಲಿ ಕೂತದ್ದು ಬೆಲ್ಜಿಯಂನ ಈಪ್ರ್ ಊರಿನ ಕಥೆ. ಮೊದಲ ಮಹಾಯುದ್ಧದಲ್ಲಿ ಆ ಊರು ಪೂರ್ತಿ ಪುಡಿಯಾಯ್ತು, ಅಲ್ಲಿ ಸತ್ತು ಸಮಾಧಿಯೂ ಸಿಗದ 54,000ಕ್ಕಿಂತ ಹೆಚ್ಚು ಸೈನಿಕರ ಹೆಸರನ್ನು ಮೆನಿನ್ ಗೇಟ್ ಅಂತ ಒಂದು ದೊಡ್ಡ ಕಮಾನಿನ ಮೇಲೆ ಕೆತ್ತಿದ್ದಾರೆ, 1927ರಲ್ಲಿ ಕಟ್ಟಿ ಮುಗಿಸಿದ್ದು. ಆ ಹೆಸರುಗಳಲ್ಲಿ ನಮ್ಮ ಭಾರತದ ಸೈನಿಕರೂ ಇದ್ದಾರೆ, 1914ರ ಅಕ್ಟೋಬರಲ್ಲೇ ನಮ್ಮವ್ರು ಆ ಚಳಿಗೆ ಹೋಗಿ ನಿಂತಿದ್ರು. ಅಲ್ಲಿ ಪ್ರತಿದಿನ ರಾತ್ರಿ 8 ಗಂಟೆಗೆ ರಸ್ತೆ ಬಂದ್ ಮಾಡಿ ಲಾಸ್ಟ್ ಪೋಸ್ಟ್ ಊದ್ತಾರೆ, 1928ರಲ್ಲಿ ಶುರುವಾದದ್ದು. ಪ್ರತಿದಿನ! ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರನ್ನು ಹಿಡಿದಾಗ ನಾಲ್ಕು ವರ್ಷ ಅಲ್ಲಿ ನಿಂತಿತು, ಆ ಸಮಯದಲ್ಲೂ ಇಂಗ್ಲೆಂಡಿನ ಒಂದು ಸೈನಿಕ ಸ್ಮಶಾನದಲ್ಲಿ ಊದಿ ಮುಂದುವರಿಸಿದ್ರು, 1944ರ ಸೆಪ್ಟೆಂಬರ್ 6ಕ್ಕೆ ಪೋಲೆಂಡಿನ ಸೈನಿಕರು ಊರನ್ನು ಬಿಡಿಸಿದ ಅದೇ ಸಂಜೆ ಮತ್ತೆ ಗೇಟಿನ ಕೆಳಗೆ ಬಿಗುಲ್ ಕೇಳಿತು. ಊದುವವ್ರು ಯಾರು ಗೊತ್ತುಂಟಾ? ಮಿಲಿಟ್ರಿಯವ್ರಲ್ಲ, ಆ ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರು. ಬೆಳಿಗ್ಗೆ ಬೇರೆ ಕೆಲಸ ಮಾಡಿ ಸಂಜೆ ಬಂದು ಊದಿ ಮನೆಗೆ ಹೋಗುವವ್ರು. ಇದು ಓದಿದ ಮೇಲೆ, ಯೂನಿಫಾರ್ಮ್ ಹಾಕದ ನನಗೆ ಇದನ್ನು ಊದುವ ಅಧಿಕಾರ ಉಂಟಾ ಅಂತ ಇದ್ದ ಅಳುಕು ಸ್ವಲ್ಪ ಕಡಿಮೆ ಆಯ್ತು.

ಊದುವವ್ರು ಸಿಗದ ಕಷ್ಟ ನಮಗೆ ಮಾತ್ರ ಅಂತ ಅಂದ್ಕೊಂಡಿದ್ದೆ. ಅಮೆರಿಕದಲ್ಲೂ ಹಾಗೇ ಉಂಟಂತೆ, ಹಳೇ ಸೈನಿಕರು ತೀರಿಹೋಗುವಷ್ಟು ವೇಗಕ್ಕೆ ಬಿಗುಲರ್‌ಗಳು ಇಲ್ಲ. 2003ರಲ್ಲಿ ಅವ್ರು ಬಿಗುಲಿನ ಬಾಯಿಯೊಳಗೆ ಇಡುವ ಒಂದು ಎಲೆಕ್ಟ್ರಾನಿಕ್ ಸಾಧನ ತಂದ್ರು, ಬಟನ್ ಒತ್ತಿ ತುಟಿಗೆ ಹಿಡಿದು ನಿಂತ್ರೆ ಸಾಕು, ರೆಕಾರ್ಡಿಂಗ್ ಬರ್ತದೆ, ಒಂದೂ ಸ್ವರ ತಪ್ಪುವುದಿಲ್ಲ. ಯಾರೂ ಇಲ್ಲದಾಗ ಅದಾದ್ರೂ ಇರ್ಲಿ, ಸರಿ. ಆದ್ರೆ ನನಗೆ ಅದು ಒಪ್ಪುವುದಿಲ್ಲ. ಸತ್ತವನ ಎದುರು ಬದುಕಿದವ ಒಬ್ಬ ಬಂದು ನಿಂತು ತನ್ನ ಉಸಿರು ಖರ್ಚು ಮಾಡ್ಬೇಕು, ಆ ಉಸಿರು ಎಲ್ಲಿ ತುಂಡಾಗ್ತದೆ ಅಂತ ನಿಂತವ್ರಿಗೆ ಕೇಳ್ಬೇಕು.

ತಪ್ಪಿದ್ರೂ ಪರ್ವಾಗಿಲ್ಲ ಅಂತ ಮೊದಲು ನಾನೂ ಹೇಳ್ತಿರ್ಲಿಲ್ಲ. ಮೇ ತಿಂಗಳಲ್ಲಿ ನನಗೆ ನಡುವಿನ ಓಡುವ ಭಾಗದಲ್ಲಿ ಒಂದೇ ಜಾಗದಲ್ಲಿ ಸ್ವರ ಒಡೀತಿತ್ತು, ದಿನಾ ಅದೇ ಜಾಗ, ಬಿಟ್ಟುಬಿಡ್ತೇನೆ ಅಂತ ಮಾವನ ಹತ್ರ ಹೇಳಿದೆ. ಆಗ ಅವ್ರು ಅಮೆರಿಕದ ಅಧ್ಯಕ್ಷ ಕೆನಡಿಯ ಅಂತ್ಯಸಂಸ್ಕಾರದ ಕಥೆ ಹೇಳಿದ್ರು, ಪಚಮಡಿಯಲ್ಲಿ ಅವ್ರ ಉಸ್ತಾದರು ಹೇಳಿದ್ದಂತೆ. 1963ರ ನವೆಂಬರ್ 25, ಆರ್ಲಿಂಗ್ಟನ್ ಸ್ಮಶಾನ, ಸಾರ್ಜೆಂಟ್ ಕೀತ್ ಕ್ಲಾರ್ಕ್ ಅಂತ ಸೈನ್ಯದ ಅತಿ ಒಳ್ಳೇ ಬಿಗುಲರ್, ಚಳಿಯಲ್ಲಿ ಗಂಟೆಗಟ್ಟಲೆ ಕಾದು ನಿಂತಿದ್ದ. ಅಮೆರಿಕದವ್ರದ್ದು ಲಾಸ್ಟ್ ಪೋಸ್ಟ್ ಅಲ್ಲ, ಟ್ಯಾಪ್ಸ್, ಬರೀ 24 ಸ್ವರ, 1862ರಲ್ಲಿ ಅವ್ರ ಅಂತರ್ಯುದ್ಧದ ಕ್ಯಾಂಪಲ್ಲಿ ಹುಟ್ಟಿದ್ದು. ಇಡೀ ಜಗತ್ತು ಟಿವಿಯಲ್ಲಿ ನೋಡ್ತಾ ಇರುವಾಗ ಅವ್ನ ಆರನೇ ಸ್ವರ ಒಡೀತು. ಜನ ಅದನ್ನು ತಪ್ಪು ಅಂತ ತಗೊಳ್ಲಿಲ್ಲ, ಬಿಗುಲೇ ಅತ್ತಿತು ಅಂದ್ರು. ಮಾವ ಇದನ್ನು ಹೇಳಿ, "ಅದಕ್ಕೆ ಅಂತ ನೀನು ಒಡೆಯುವ ಹಾಗೆ ಊದ್ಬೇಡ. ಕ್ಲಾರ್ಕ್ ಒಡೆಯದ ಹಾಗೆ ಊದ್ಲಿಕ್ಕೆ ಕಲಿತಿದ್ದ, ಅದಕ್ಕೇ ಅವ್ನಿಗೆ ಆ ಮರ್ಯಾದೆ" ಅಂದ್ರು.

ಪಚಮಡಿ ಅಂದ್ರೆ ಮಧ್ಯಪ್ರದೇಶದ ಗುಡ್ಡದ ಊರು. ಸೈನ್ಯದ ಸಂಗೀತ ಶಾಲೆ ಅಲ್ಲಿರುವುದು. ಶುರುವಾದದ್ದು 1950ರಲ್ಲಿ, ನಮ್ಮ ಕೊಡಗಿನ ಕಾರ್ಯಪ್ಪನವ್ರು ಸೈನ್ಯದ ಮುಖ್ಯಸ್ಥರಾಗಿದ್ದಾಗ, ಅವ್ರ ಒತ್ತಾಸೆಯಲ್ಲಿ. ಮಾವ ಅಲ್ಲಿ ಕಲಿತವ್ರು. ಬ್ಯಾಂಡಿನವ್ರು ಅಂದ್ರೆ ಪರೇಡಿಗೆ ಮಾತ್ರ ಅಂತ ನಾನು ತಿಳ್ಕೊಂಡಿದ್ದೆ. ಹಾಗಲ್ಲ, ಯುದ್ಧ ಬಂದ್ರೆ ವಾದ್ಯ ಪೆಟ್ಟಿಗೆಗೆ ಹೋಗ್ತದೆ, ಬ್ಯಾಂಡಿನವ್ರ ಕೈಗೆ ಸ್ಟ್ರೆಚರ್ ಬರ್ತದೆ. ಗಾಯ ಆದವ್ರನ್ನು ಹೊತ್ತು ತರುವುದು ಅವ್ರ ಕೆಲಸ. 1999ರಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ಮಾವ ಅಲ್ಲಿ ಮೇಲೆ ಇದ್ರು. ಅದ್ರ ಬಗ್ಗೆ ಆರು ತಿಂಗಳಲ್ಲಿ ಒಂದೇ ಸಲ ಮಾತಾಡಿದ್ದು. ಹೊತ್ತು ತಂದ ಹುಡುಗನಿಗೇ ಎರಡು ದಿನ ಬಿಟ್ಟು ಲಾಸ್ಟ್ ಪೋಸ್ಟ್ ಊದಿದ್ದೂ ಉಂಟು ಅಂದ್ರು. ಚಳಿಗೆ ಲೋಹ ತುಟಿಗೆ ಅಂಟಿಕೊಳ್ತದೆ, ಮೌತ್‌ಪೀಸನ್ನು ಕಂಕುಳಲ್ಲಿ ಇಟ್ಟು ಬಿಸಿ ಮಾಡಿಟ್ಟು, ಕೊನೇ ನಿಮಿಷಕ್ಕೆ ತೆಗೆದು ಹಾಕಿ ಊದ್ಬೇಕು. ಅಳು ಬರ್ತಿರ್ಲಿಲ್ವಾ ಮಾವ ಅಂತ ಕೇಳಿದೆ. "ಗಂಟಲು ಕಟ್ಟಿದ್ರೆ ಗಾಳಿ ಹೋಗ್ಲಿಕ್ಕಿಲ್ಲ. ಎಲ್ಲರೂ ಅಳಬಹುದು ಅಲ್ಲಿ, ಸಿಒ ಸಾಹೇಬ್ರು ಕೂಡ ಅಳಬಹುದು. ಬಿಗುಲರ್ ಆಮೇಲೆ, ಬ್ಯಾರಕ್ಕಿಗೆ ಹೋಗಿ." ಇಷ್ಟು ಹೇಳಿ ಎದ್ದು ದನಕ್ಕೆ ಹುಲ್ಲು ಹಾಕ್ಲಿಕ್ಕೆ ಹೋದ್ರು.

ಜುಲೈ 26, ಕಾರ್ಗಿಲ್ ವಿಜಯ ದಿವಸ. ಮಂಗಳೂರಲ್ಲಿ ಕದ್ರಿ ಗುಡ್ಡದ ಸ್ಮಾರಕದಲ್ಲಿ, ಉಡುಪಿಯಲ್ಲಿ ಅಜ್ಜರಕಾಡಿನ ಹುತಾತ್ಮ ಸ್ಮಾರಕದಲ್ಲಿ ಆಗ್ತದೆ. ನಮ್ಮದು ಸಣ್ಣದು, ಒಂದು ಹೈಸ್ಕೂಲಿನ ಮೈದಾನದ ಮೂಲೆಯಲ್ಲಿ ಹಳೇ ವಿದ್ಯಾರ್ಥಿಗಳು ನಿಲ್ಲಿಸಿದ ಒಂದು ಕಪ್ಪು ಕಲ್ಲು. ಹೆಚ್ಚೆಂದ್ರೆ ನೂರೈವತ್ತು ಜನ. ಎನ್‌ಸಿಸಿ ಮಕ್ಕಳು, ನಿವೃತ್ತ ಸೈನಿಕರು, ಟೀಚರ್‌ಗಳು, ಚಿಕ್ಕಮ್ಮ ಬಂದಿದ್ರು. ನನಗೆ ಬಿಳಿ ಶರ್ಟು, ಕಪ್ಪು ಪ್ಯಾಂಟು. ಯೂನಿಫಾರ್ಮಿನ ಹಾಗೆ ಕಾಣುವ ಎಂತದ್ದೂ ಹಾಕ್ಬಾರ್ದು ಅಂತ ಮಾವ ಮೊದಲೇ ಹೇಳಿದ್ರು, ಅದು ಸಂಪಾದನೆ ಮಾಡಿದವ್ರದ್ದು.

ಮಳೆ ಅಂದ್ರೆ ಮಳೆ. ಶಾಮಿಯಾನದ ತಗಡು ಒಡೆದುಹೋಗುವ ಹಾಗೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗ್ಬೇಕಾದದ್ದು ಹತ್ತಾಯ್ತು, ಆಮೇಲೆ ಭಾಷಣ, 527 ಸೈನಿಕರ ಬಲಿದಾನದ ಬಗ್ಗೆ ಮುಖ್ಯ ಅತಿಥಿಗಳು ಮಾತಾಡಿದ್ರು, ನಾನು ಶಾಮಿಯಾನದ ಹೊರಗೆ ಕಲ್ಲಿನ ಬಲಕ್ಕೆ ಕೊಡೆ ಇಲ್ಲದೆ ನಿಂತದ್ದು, ಬಿಗುಲಿನ ಬಾಯಿ ಕೆಳಗೆ ಮಾಡಿ ಕಂಕುಳಲ್ಲಿ ಒತ್ತಿಕೊಂಡು, ಮೌತ್‌ಪೀಸ್ ಮುಷ್ಟಿಯಲ್ಲಿ. ತುಟಿ ಒದ್ದೆಯಾಗಿ ಮೆತ್ತಗಾಗ್ತಾ ಬಂತು. ಒಳಗೊಳಗೇ ತುಟಿ ಬಿಗಿ ಮಾಡಿ ಸಡಿಲ ಮಾಡಿ ಎಚ್ಚರ ಇಡ್ತಾ ಇದ್ದೆ.

ರೀತ್ ಇಟ್ಟಾಯ್ತು. ಎನ್‌ಸಿಸಿ ಹುಡುಗ ಒಬ್ಬ ಎಳೆ ಗಂಟಲಲ್ಲಿ ಕೂಗಿದ, ಶೋಕ್ ಶಸ್ತ್ರ. ಮಕ್ಕಳು ಬಂದೂಕು ತಿರುಗಿಸಿ ನಳಿಗೆಯನ್ನು ಬೂಟಿನ ಮೇಲೆ ಇಟ್ಟು ತಲೆ ತಗ್ಗಿಸಿದ್ರು. ಎಲ್ಲರ ತಲೆ ತಗ್ಗಿದಾಗ ಮುಖ ಎತ್ತಿ ಇರುವವ ಬಿಗುಲರ್ ಒಬ್ಬನೇ, ಅದು ನನಗೆ ಆ ಕ್ಷಣದವರೆಗೆ ಹೊಳೆದಿರ್ಲಿಲ್ಲ. ಎಲ್ಲರ ನೆತ್ತಿ ಕಾಣ್ತಾ ಇತ್ತು. ಚಿಕ್ಕಮ್ಮನ ಬೈತಲೆ ಕಾಣ್ತಾ ಇತ್ತು. ಗಂಟಲು ಒಂದು ಸಲ ಬಿಗೀತು. ಬ್ಯಾರಕ್ಕಿಗೆ ಹೋಗಿ ಅಂತ ಮನಸ್ಸಲ್ಲೇ ಹೇಳ್ಕೊಂಡು ಹೊಟ್ಟೆಯ ಬುಡದಿಂದ ಉಸಿರು ತಗೊಂಡೆ.

ಮೊದಲ ಎರಡು ಸ್ವರ ಮಳೆಯೊಳಗೆ ಹೋದ್ವು. ಮಾವನ ಎಡಗೈ ಅಲ್ಲಿ ಎಲ್ಲೂ ಇರ್ಲಿಲ್ಲ, ಆದ್ರೂ ನನಗೆ ಕಾಣ್ತಾ ಇತ್ತು, ಎದೆ ಎತ್ತರ, ಹುಬ್ಬಿನ ಎತ್ತರ, ನಿಲ್ಲಿಸು. ನಡುವಿನ ಓಡುವ ಭಾಗ, ಮೇ ತಿಂಗಳಲ್ಲಿ ಒಡೀತಿದ್ದ ಜಾಗ, ಸರಿಯಾಗಿ ದಾಟಿತು. ಆಮೇಲೆ ಮೇಲಿನ ಒಂದು ಸ್ವರ ಸಪೂರ ಆಯ್ತು, ತುಟಿ ಜಾರಿತು, ಒಡೀಲಿಲ್ಲ. ಕೊನೆಯ ಉದ್ದ ಸ್ವರವನ್ನು ಬಾಗಿಲು ಮೆಲ್ಲ ಹಾಕುವ ಹಾಗೆ ಬಿಟ್ಟೆ. ಬಿಗುಲ್ ಇಳಿಸಿದೆ.

ಮೌನ. ಮಳೆ ಮಾತ್ರ. ಯಾರೋ ಕೆಮ್ಮಿದ್ರು, ಒಂದು ಮಗು ಅಜ್ಜಿ ಹತ್ರ ಎಂತದೋ ಕೇಳಿತು, ದೂರ ಹೈವೇಯಲ್ಲಿ ಬಸ್ಸಿನ ಹಾರ್ನ್. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾರೆ, ಯಾರ ಕಣ್ಣೂ ಗಡಿಯಾರದ ಮೇಲೆ ಇಲ್ಲ, ನಾನು ಊದಿದಾಗ ಮೌನ ಮುಗೀತದೆ, ಅಲ್ಲಿವರೆಗೆ ಅವ್ರು ಹಾಗೇ ಇರ್ತಾರೆ. ನಾನು ಒಂದು, ಎರಡು ಅಂತ ಎಣಿಸ್ತಾ ಇದ್ದೆ, ಚಿಕ್ಕಪ್ಪನ ಅಂಗಳ ನೆನಪಾಯ್ತು, ಎಣಿಕೆ ಎಲ್ಲೋ ಹಾರಿತು, ಅಂದಾಜಲ್ಲಿ ಹಿಡ್ಕೊಂಡೆ, ರೌಸ್ ಊದಿದೆ. ತಲೆಗಳು ಮೇಲೆ ಎದ್ದವು.

ಎಲ್ಲ ಆದ ಮೇಲೆ ಚಿಕ್ಕಮ್ಮ ಬಂದು ನನ್ನ ಒದ್ದೆ ಕೈ ಹಿಡ್ಕೊಂಡು, "ಪೂರ್ತಿ ಆಯ್ತು ಮಗಾ" ಅಂದ್ರು. ಮತ್ತೆ ಎಂತ ಹೇಳ್ಲಿಲ್ಲ. ಮಾವ ಒಂದು ಬದಿಯಲ್ಲಿ ನಿಂತು ಕಾಯ್ತಾ ಇದ್ರು. ಹತ್ರ ಹೋದೆ. "ಒಂದು ಸ್ವರ ಸಪೂರ ಆಯ್ತು, ಮಳೆಗೆ ಆಗ್ತದೆ, ಅದು ಬಿಡು" ಅಂದ್ರು. ಆಮೇಲೆ ವಾಚ್ ತೋರಿಸಿ, "ಒಂದು ನಿಮಿಷ ಐವತ್ತೆರಡು. ಆ ಎಂಟು ಸೆಕೆಂಡ್ ಎಲ್ಲಿ ಹೋಯ್ತು?"

ನನಗೆ ಉತ್ತರ ಬರ್ಲಿಲ್ಲ. ಆರು ತಿಂಗಳು ಸ್ವರ ಕಲಿತೆ, ಮೌನವನ್ನು ಒಂದು ದಿನವೂ ಪ್ರಾಕ್ಟೀಸ್ ಮಾಡಿರ್ಲಿಲ್ಲ. ಜನವರಿ 30ಕ್ಕೆ ಬಾವಿಕಟ್ಟೆ ಹತ್ರ ನಿಂತದ್ದು ನೆನಪಾಯ್ತು, ಕಾಗೆ, ಹಗ್ಗ, ಆಫೀಸಿನ ಫೈಲ್.

ಅಕ್ಟೋಬರ್ 21ಕ್ಕೆ ಮಂಗಳೂರಿಗೆ ಹೋದೆ, ಪೊಲೀಸ್ ಹುತಾತ್ಮರ ದಿನಾಚರಣೆಗೆ. 1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಅನ್ನುವಲ್ಲಿ ಚೀನಾದವ್ರ ಗುಂಡಿಗೆ 10 ಜನ ಪೊಲೀಸರು ಬಲಿಯಾದ್ರು, ಅಂದಿನಿಂದ ದೇಶದಲ್ಲೆಲ್ಲ ಮಾಡ್ತಾರೆ, ಆ ವರ್ಷ ಕರ್ತವ್ಯದಲ್ಲಿ ಹೋದ ಪೊಲೀಸರ ಹೆಸರುಗಳನ್ನು ಓದ್ತಾರೆ. ಈ ಸಲ ನಾನು ಬಿಗುಲನ್ನು ಕೇಳ್ಲಿಕ್ಕೆ ಹೋದದ್ದಲ್ಲ. ಬಿಗುಲ್ ಇಳಿಸಿದ ಮೇಲೆ ಆ ಮನುಷ್ಯ ಎಂತ ಮಾಡ್ತಾರೆ ಅಂತ ದೂರದಿಂದ ನೋಡ್ತಾ ನಿಂತೆ. ಅವ್ರು ಎಂತದೂ ಮಾಡ್ಲಿಲ್ಲ. ರೆಪ್ಪೆ ಕೂಡ ಹೊಡೆದ ಹಾಗೆ ಕಾಣ್ಲಿಲ್ಲ.

ವಾಪಸ್ ಬಂದು ಮಾವನ ಹತ್ರ ಕೇಳಿದೆ, ಹೇಗೆ ಎಣಿಸುವುದು. "ಎಣಿಸಿದ್ರೆ ತಪ್ತದೆ. ಮನಸ್ಸಲ್ಲಿ ಮಾರ್ಚ್ ಮಾಡು. ನಿಮಿಷಕ್ಕೆ 120 ಹೆಜ್ಜೆ, ಎರಡು ನಿಮಿಷಕ್ಕೆ 240. ಯಾರಿಗೆ ಊದ್ತಿಯೋ ಅವ್ರ ಜೊತೆ ನಡಿ" ಅಂದ್ರು.

ಮರುದಿನ ಬೆಳಿಗ್ಗೆ ಚಿಕ್ಕಪ್ಪನ ಅಂಗಳದಿಂದ ನಿಜವಾಗಿ ನಡೆದು ನೋಡಿದೆ, ಮೊಬೈಲಲ್ಲಿ ಟೈಮರ್ ಇಟ್ಟು. ತುಳಸಿಕಟ್ಟೆಯಿಂದ ಎಡಗಾಲು ಮೊದಲು ಇಟ್ಟು, ಬಾವಿ ದಾಟಿ, ಗುಳ್ಳದ ಗದ್ದೆಯ ಬದುವಿನಲ್ಲಿ, ಅವ್ರು ಹಾಕಿದ ಬೇಲಿಯ ಪಕ್ಕದಲ್ಲಿ ಹೋಗಿ, ಗಾಳಿಮರಗಳ ನಡುವೆ ಸಮುದ್ರ ಮೊದಲ ಸಲ ಕಾಣುವ ತಿರುವಿಗೆ ಬರುವಾಗ 240. ಸಂಜೆ ಹೊತ್ತು ಅವ್ರು ಬಂದು ನಿಲ್ತಿದ್ದ ಜಾಗ ಅದು. ಅವತ್ತಿಂದ ದಿನಾ ಪ್ರಾಕ್ಟೀಸಲ್ಲಿ ಲಾಸ್ಟ್ ಪೋಸ್ಟ್ ಊದಿ, ಬಿಗುಲ್ ಇಳಿಸಿ, ನಿಂತಲ್ಲೇ ಆ ದಾರಿ ನಡೀತೇನೆ.

ಡಿಸೆಂಬರ್ 16ಕ್ಕೆ, 1971ರ ಯುದ್ಧದ ವಿಜಯ ದಿವಸಕ್ಕೆ, ಅದೇ ಕಲ್ಲಿನ ಎದುರು ಮತ್ತೆ ಊದಿದೆ. ಮಳೆ ಇರ್ಲಿಲ್ಲ, ಬಿಸಿಲು. ಬಾವಿ ದಾಟಿದೆ, ಬದು ದಾಟಿದೆ, ತಿರುವಿನಲ್ಲಿ ಬಲಗಾಲು ನೆಲಕ್ಕೆ ತಾಗಿದ ಮೇಲೆ ಬಿಗುಲ್ ಎತ್ತಿದೆ. ಮಾವ ವಾಚ್ ನೋಡಿದ್ರು, ಅಂಗಿಯ ತೋಳನ್ನು ಅದ್ರ ಮೇಲೆ ಎಳ್ಕೊಂಡ್ರು, ಎಂತ ಹೇಳ್ಲಿಲ್ಲ.